ಒಂದು ಒಲೆಯ ಬೂದಿ ವ್ಯಾಜ್ಯ

ಇಲಾಖೆಗೆ ಹೊಸದಾಗಿ ಸೇರಿದ ತರುಣರು ಆಗಾಗ ಮನೆಗೆ ಬರುತ್ತಾರೆ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, "ಸರ್, ನಿಮ್ಮ ಕಾಲದಲ್ಲಿ ರೈತರು ಹೇಳಿದ್ದು ಕೇಳ್ತಿದ್ರು. ಈಗ ಯಾರೂ ಕೇಳಲ್ಲ" ಎಂದು ಕೊರಗುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಮಾತು ಕೇಳದ ರೈತನಿಂದ ನೌಕರನಿಗೆ ಯಾವ ಅಪಾಯವೂ ಇಲ್ಲ. ಅವನ ಪಾಡಿಗೆ ಅವನು ಉಳುತ್ತಾನೆ, ನಮ್ಮ ಪಾಡಿಗೆ ನಾವು ವರದಿ ಬರೆಯುತ್ತೇವೆ. ಅಪಾಯವಿರುವುದು ಮಾತು ಕೇಳುವ ರೈತನಿಂದ. ಅದರಲ್ಲೂ ಅವನ ಹೆಂಡತಿ ಕೇಳಿಸಿಕೊಂಡುಬಿಟ್ಟರೆ ಇಲಾಖೆಯನ್ನು ಕಾಪಾಡುವವರು ಮೂರು ಲೋಕದಲ್ಲೂ ಸಿಗುವುದಿಲ್ಲ. ಈ ಮಾತಿಗೆ ಆಧಾರವಾಗಿ ಬೂದಿಯ ಪ್ರಕರಣವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಗ್ರಾಮಸೇವಕನಾಗಿ ಮೊದಲು ಕೆಲಸಕ್ಕೆ ನಿಂತದ್ದು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಸುತ್ತಿನಲ್ಲಿ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಗ್ರಾಮಸೇವಕ ಎಂದರೆ ಒಂದು ಸೈಕಲ್ಲು, ಒಂದು ಚೀಲ, ಆ ಚೀಲದ ತುಂಬ ಸರ್ಕಾರ. ಬಿತ್ತನೆ ಬೀಜದಿಂದ ಹಿಡಿದು ಹೊಗೆಯಿಲ್ಲದ ಒಲೆಯವರೆಗೆ, ಕೋಳಿಯ ಚುಚ್ಚುಮದ್ದಿನಿಂದ ಹಿಡಿದು ಭಜನಾ ಮಂಡಳಿಯವರೆಗೆ ಎಲ್ಲವೂ ನನ್ನ ತಲೆಯ ಮೇಲೆ. ಊರವರು ನನ್ನನ್ನು ಕಂಡರೆ ಮರ್ಯಾದೆಯಿಂದ ಎದ್ದು ನಿಲ್ಲುತ್ತಿದ್ದರು. ಆಮೇಲೆ ಗೊತ್ತಾಯಿತು, ಅದು ಎದ್ದು ಹೋಗಲು ಮಾಡಿಕೊಂಡ ಸಿದ್ಧತೆ.

ಆ ವರ್ಷ ಮೇಲಿನಿಂದ ಬಂದ ಆಜ್ಞೆ ಕಾಂಪೋಸ್ಟ್ ಗುಂಡಿಯದು. ಪ್ರತಿ ಒಲೆಗೆ ಒಂದು ಗುಂಡಿ ಆಗಬೇಕು. ಮನೆ ಎಂದು ಬರೆದರೆ ಹಳ್ಳಿಗಳಲ್ಲಿ ಒಂದು ಸೂರಿನಡಿ ನಾಲ್ಕು ಸಂಸಾರ ಇರುತ್ತವೆಂದು ಯಾರೋ ಬುದ್ಧಿವಂತರು ಒಲೆ ಎಂದು ಬರೆದಿದ್ದರು. ಗುಂಡಿಯಲ್ಲಿ ಕಸಕಡ್ಡಿಯದೊಂದು ಪದರ, ಸಗಣಿಯದೊಂದು ಪದರ, ತೆಳ್ಳಗೆ ಒಲೆಯ ಬೂದಿ, ಮೇಲೆ ಮಣ್ಣು. ಮರದ ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶವಿದೆ, ಹುಳಿ ಮಣ್ಣನ್ನು ಸರಿಮಾಡುತ್ತದೆ, ತರಕಾರಿ ಗಿಡಕ್ಕೆ ಒಳ್ಳೆಯದು. ಇದೆಲ್ಲ ನಿಜ. "ತೆಳ್ಳಗೆ" ಎಂಬ ಮಾತೂ ನಿಜ. ಆದರೆ ಭಾಷಣದಲ್ಲಿ "ತೆಳ್ಳಗೆ" ಎಂಬುದನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ನಮ್ಮ ಇಲಾಖೆಯಲ್ಲಿ ಇನ್ನೂ ಬಂದಿರಲಿಲ್ಲ.

ಈ ಗಟ್ಟಿ ಭಾಷಣದಲ್ಲಿ ನನಗೆ ಗುರುಗಳು ನಮ್ಮ ಬ್ಲಾಕಿನ ವಿಸ್ತರಣಾಧಿಕಾರಿಗಳು. ದೊಡ್ಡ ದನಿ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಸಂಶಯವೆಂಬುದನ್ನು ಜನ್ಮದಲ್ಲಿ ಕಂಡರಿಯದ ಮುಖ. ಅವರು ಹಿಂದೆ ಚಿಕ್ಕಬಳ್ಳಾಪುರದ ಕಡೆ ಇದ್ದಾಗ ಕಳವಾರದ ಆಲೂಗಡ್ಡೆ ಬೆಳೆಗಾರರಿಗೂ ಬೂದಿಯ ಮಹಿಮೆಯನ್ನು ಬೋಧಿಸಿದ್ದರಂತೆ. ಬೂದಿ ಹೆಚ್ಚಾದ ನೆಲದಲ್ಲಿ ಆಲೂಗಡ್ಡೆಗೆ ಕಜ್ಜಿ ಬರುತ್ತದೆ. ಬಂತು. ಒಬ್ಬ ರೈತ ಗಡ್ಡೆಯನ್ನು ಅಂಗೈಯಲ್ಲಿಟ್ಟುಕೊಂಡು ಆಫೀಸಿಗೆ ಹೋಗಿ, "ಸ್ವಾಮಿ, ಇದು ಆಲೂಗಡ್ಡೆನೋ ಕಪ್ಪೆನೋ ತಾವೇ ಹೇಳ್ಬೇಕು" ಎಂದು ಕೇಳಿದನಂತೆ. ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಿಪ್ಪೆ ತೆಗೆದ ಮೇಲೆ ಎಲ್ಲ ಒಂದೇ ಕಣಯ್ಯ" ಎಂದು ತೀರ್ಪು ಕೊಟ್ಟರಂತೆ. ಅವರ ಕೈಕೆಳಗೆ ನಾನು.

ದಿಬ್ಬೂರಹಳ್ಳಿಗೆ ಅಷ್ಟು ದೂರವಲ್ಲದ ಒಂದು ಸಣ್ಣ ಊರಿನಲ್ಲಿ ನನ್ನ ಮೊದಲ ಬೂದಿ ಭಾಷಣ ನಡೆಯಿತು. ಊರಿನ ಹೆಸರು ಬರೆಯುವುದಿಲ್ಲ. ಆ ಮನೆಯ ಮೊಮ್ಮಕ್ಕಳು ಈಗಲೂ ಸಂತೆಯಲ್ಲಿ ಸಿಗುತ್ತಾರೆ, ತೂಕ ಸರಿಯಾಗಿ ಹಾಕುತ್ತಾರೆ, ಆ ಸ್ನೇಹ ನನಗೆ ಬೇಕು. ಅರಳಿಕಟ್ಟೆಯ ಮೇಲೆ ನಿಂತು ನಾನು, "ಸರ್ಕಾರ ಚೀಲದಲ್ಲಿ ತುಂಬಿ ಕೊಡುವ ಗೊಬ್ಬರದ ಒಂದು ಪಾಲು ನಿಮ್ಮ ಒಲೆಯಲ್ಲೇ ಇದೆ. ಬೂದಿಯನ್ನು ಎಸೆಯುವವನು ಬಂಗಾರವನ್ನು ಎಸೆದಂತೆ" ಎಂದೆ. ಗಂಡಸರು ಆಕಳಿಸಿದರು. ಊರ ಯಜಮಾನ ಬೈರಪ್ಪನವರು ಬೀಡಿ ಹಚ್ಚಿದರು. ಹಿಂದೆ ಬಾವಿಯಿಂದ ನೀರು ಹೊತ್ತು ಬರುತ್ತಿದ್ದ ಹೆಂಗಸರು ಮಾತ್ರ ಬಿಂದಿಗೆ ಕೆಳಗಿಳಿಸಿ ನಿಂತು ಕೇಳಿದರು. ನಾನು ಹಿಗ್ಗಿದೆ.

ಬೂದಿ ಆ ಊರಿಗೆ ಹೊಸದೇನಲ್ಲ. ಪಾತ್ರೆ ಬೆಳಗುವುದು ಅದರಲ್ಲಿ, ಅವರೆ ಗಿಡಕ್ಕೆ ಸೀರು ಹುಳ ಹತ್ತಿದರೆ ಎರಚುವುದು ಅದನ್ನು, ಬಿತ್ತನೆ ಕಾಳನ್ನು ಹುಳದಿಂದ ಕಾಯಲು ಬೆರೆಸುವುದೂ ಅದನ್ನೇ. ಮಿಕ್ಕದ್ದು ತಿಪ್ಪೆಗೆ. ಅದಕ್ಕೆ ಉಪಯೋಗವಿತ್ತು, ಬೆಲೆ ಇರಲಿಲ್ಲ. ಬೆಲೆ ಬಂದದ್ದು ಆ ಭಾಷಣದಿಂದ. ಮರುವಾರ ನಾನು ಹೋದಾಗ ಊರು ಬದಲಾಗಿತ್ತು. ಪಾತ್ರೆ ಬೆಳಗಲು ಒಂದು ಹಿಡಿ ಬೂದಿ ಕೇಳಲು ಬಂದ ನೆರೆಯವಳಿಗೆ ಮನೆಯಾಕೆ, "ಇಲ್ಲ ಕಣಮ್ಮ, ಈಗ್ತಾನೆ ತೀರೋಯ್ತು" ಎಂದು ಮುಖ ತಿರುಗಿಸಿದ್ದನ್ನು ನಾನೇ ಕಂಡೆ. ಹಬ್ಬದ ದಿನ ಬೆಲ್ಲವಿಲ್ಲ ಎನ್ನುವಾಗಲೂ ಜನ ಅಷ್ಟು ಗಂಭೀರವಾಗಿರುವುದಿಲ್ಲ. ಬೂದಿ ತುಂಬಿದ ಗಡಿಗೆಗಳು ತಿಪ್ಪೆಯ ಬದಿಯಿಂದ ಎದ್ದು ಬಂದು ದೇವರ ಕೋಣೆಯ ಹತ್ತಿರ ಕೂತಿದ್ದವು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವವರ ಒಲೆಗಳ ಬೂದಿಯನ್ನು ಅದುವರೆಗೆ ಹೊತ್ತು ಹಾಕುವವರಿಲ್ಲದೆ ಬೀದಿಗೆ ಚೆಲ್ಲುತ್ತಿದ್ದರು. ಈಗ ಅಲ್ಲಿಗೂ ಗಾಡಿ ಕಟ್ಟಿಕೊಂಡು ಹೋಗಿ, "ಸಾಬ್ರೇ, ನಮ್ಮ ಗೂಡು ನಿಮಗೇ ತಾನೆ ಹಾಕೋದು, ಬೂದಿ ಬೇರೆಯೋರಿಗೆ ಕೊಡ್ಬ್ಯಾಡಿ" ಎಂದು ಸಂಬಂಧ ಬೆಳೆಸುವವರು ಹುಟ್ಟಿಕೊಂಡರು.

ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಮೊದಲ ಪೆಟ್ಟು ಬಿದ್ದದ್ದು ಅಕ್ಕಯ್ಯಮ್ಮನವರ ಮನೆಯ ಹೊಸ್ತಿಲಲ್ಲಿ.

ಅಕ್ಕಯ್ಯಮ್ಮ ವಯಸ್ಸಾದ ವಿಧವೆ. ಗಂಡುಮಕ್ಕಳು ಇಬ್ಬರು. ದೊಡ್ಡವನು ಮುನಿಶಾಮಪ್ಪ, ಬೇಸಾಯಗಾರ. ಚಿಕ್ಕವನು ಕೃಷ್ಣಪ್ಪ, ರೇಷ್ಮೆ ಹುಳುವಿನ ಮನೆ ನೋಡಿಕೊಳ್ಳುವವನು. ದೊಡ್ಡವನ ಹೆಂಡತಿ ವೆಂಕಟಮ್ಮ, ಚಿಕ್ಕವನ ಹೆಂಡತಿ ಪಾಪಮ್ಮ. ಆ ಊರಿನಲ್ಲಿ ಪಾಲಾಗದೆ ಉಳಿದಿದ್ದ ಅಣ್ಣತಮ್ಮಂದಿರ ಮನೆ ಅದೊಂದೇ. ಆ ಕಡೆ ಪಾಲು ಎಂದರೆ ಮೊದಲು ಒಲೆ ಒಡೆಯುವುದು. ಒಲೆ ಎರಡಾದ ಮೇಲೆ ಹೊಲ ಎರಡಾಗುತ್ತದೆ, ಆಮೇಲೆ ಎತ್ತು, ಆಮೇಲೆ ಗೋಡೆ, ಆಮೇಲೆ ಮಾತು. "ನನ್ನ ಕಣ್ಣು ಮುಚ್ಚೋವರ್ಗೂ ಈ ಮನೇಲಿ ಎರಡು ಹೊಗೆ ಏಳಬಾರ್ದು" ಎಂದು ಅಕ್ಕಯ್ಯಮ್ಮ ಗಂಡನ ಹೆಣದ ಮುಂದೆ ಸೆರಗೊಡ್ಡಿ ಕೇಳಿಕೊಂಡಿದ್ದರಂತೆ. ಅವರಿಗೆ ಆಸ್ತಿ ಎಂದು ಇದ್ದದ್ದು ಆ ಒಂದು ಮಾತು. ಸೊಸೆಯರಿಬ್ಬರೂ ಅದುವರೆಗೆ ಅದನ್ನು ನಡೆಸಿಕೊಂಡು ಬಂದಿದ್ದರು, ಹಲ್ಲು ಕಚ್ಚಿಯೇ ಆದರೂ.

ಹಿತ್ತಿಲಲ್ಲಿ ಸೊಸೆಯರಿಗೆ ಒಂದೊಂದು ಪಾತಿ ಇತ್ತು. ಮೂಡಲಿಗೆ ವೆಂಕಟಮ್ಮನ ಬದನೆ, ಪಡುವಲಿಗೆ ಪಾಪಮ್ಮನ ಮೆಣಸಿನಕಾಯಿ. ಬಚ್ಚಲ ಕಲ್ಲಿನ ಪಕ್ಕದಲ್ಲಿ ಅತ್ತೆಯ ಒಂದು ಹೀರೆ ಬಳ್ಳಿ, ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಪಾತಿ ಎರಡು, ಒಲೆ ಒಂದು. ಬೆಳಿಗ್ಗೆ ಯಾರು ಮೊದಲು ಏಳುತ್ತಾರೋ ಅವರಿಗೆ ಬೂದಿ. ಹೀಗಾಗಿ ಇಬ್ಬರೂ ದಿನದಿನಕ್ಕೆ ಬೇಗ ಏಳತೊಡಗಿದರು. ಮನೆಯ ಹುಂಜಕ್ಕೆ ತನ್ನ ಕೆಲಸ ಹೋಯಿತೆಂದು ಬೇಸರವಾಗಿ ಅದು ಮಧ್ಯಾಹ್ನ ಕೂಗಲು ಶುರುಮಾಡಿತು. ನಾನು ಜಗುಲಿಯ ಮೇಲೆ ಕೂತು ಗುಂಡಿಯ ಅಳತೆ ವಿವರಿಸುತ್ತಿದ್ದಾಗ ಒಳಗಿನಿಂದ ಕೇಳಿಬಂತು.

"ಏನೇ ಪಾಪಮ್ಮ, ಒಲೆ ನಾಯಿ ನೆಕ್ಕಿದಂಗೈತೆ. ಯಾರ ಕೆಲಸ?"

"ನಾಯಿನೇ ಕೇಳಕ್ಕ. ನಿನ್ನ ಬದನೆ ಗಿಡದ ತಾವಲೇ ಮಲಗೈತೆ."

"ನನ್ನ ಗಂಡ ಕಡ್ಕೊಂಡು ಬಂದ ಜಾಲಿ ಸೌದೆ ಅದು. ಬೂದಿ ಯಾರ್ದಾಗ್ಬೇಕು?"

"ಜಾಲಿ ಸೌದೆ ಕಟ್ಟು ಗೋಡೆಗೆ ಒರಗ್ಕೊಂಡು ನಿಂತೈತೆ ಕಣಕ್ಕ. ಉರಿಯೋದೆಲ್ಲ ನಮ್ಮ ಹಿಪ್ಪುನೇರಳೆ ಕಡ್ಡಿ."

ಮುನಿಶಾಮಪ್ಪ ನನ್ನ ಮುಖ ನೋಡಿದ. "ಏಮಿ ಸಾಮಿ ಇದಿ", ಏನು ಸ್ವಾಮಿ ಇದು, ಎಂದು ನಿಟ್ಟುಸಿರಿಟ್ಟ. ಗಡಿಯ ಕಡೆಯ ಜನ, ಮನಸ್ಸು ನೊಂದಾಗ ತೆಲುಗು ಬರುತ್ತದೆ. "ಹೊಲಕ್ಕೆ ಜಗಳ ಆಡಿದ್ದು ಕಂಡಿದೀನಿ, ನೀರಿಗೆ ಆಡಿದ್ದು ಕಂಡಿದೀನಿ. ಬೂದಿಗೆ ಆಡಿದ್ದು ಇದೇ ಮೊದಲು."

ವ್ಯಾಜ್ಯ ಅರಳಿಕಟ್ಟೆಗೆ ಬಂತು. ಬೈರಪ್ಪನವರು ಎರಡೂ ಕಡೆಯ ವಾದ ಕೇಳಿದರು. ಜಾಲಿಯ ಬೂದಿ ಹೆಚ್ಚೋ, ತೊಗರಿ ಕಡ್ಡಿಯ ಬೂದಿ ಹೆಚ್ಚೋ, ಹಿಪ್ಪುನೇರಳೆಯ ಬೂದಿಗೆ ಸತ್ವ ಎಷ್ಟು ಎಂಬುದರ ಬಗ್ಗೆ ತಜ್ಞನೆಂದು ನನ್ನನ್ನೂ ಕೂರಿಸಿದ್ದರು. ನಾನು ಎಲ್ಲ ಬೂದಿಯೂ ಒಳ್ಳೆಯದೆಂದು ಸಾಕ್ಷ್ಯ ನುಡಿದೆ. ಸರ್ಕಾರಿ ನೌಕರ ಹೇಳಬಹುದಾದದ್ದು ಅಷ್ಟೇ. ಕೊನೆಗೆ ತೀರ್ಪಾಯಿತು. ಒಂದು ದಿನ ಅಕ್ಕ ಅಡುಗೆ ಮಾಡುವುದು, ಆ ದಿನದ ಬೂದಿ ಅಕ್ಕನದು. ಮರುದಿನ ತಂಗಿಯ ಅಡುಗೆ, ತಂಗಿಯ ಬೂದಿ. ಒಲೆ ಒಂದೇ. ಅಕ್ಕಯ್ಯಮ್ಮ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ನಾನೂ ನನ್ನ ಸೈಕಲ್ಲಿನ ಸೀಟು ಒರೆಸಿಕೊಂಡೆ.

ಆಮೇಲಿನ ಕೆಲವು ವಾರಗಳನ್ನು ಆ ಮನೆಯ ಗಂಡಸರು ಬದುಕಿನ ಕೊನೆಯವರೆಗೆ ನೆನೆಸಿಕೊಂಡರು. ತನ್ನ ಸರದಿಯ ದಿನ ಹೆಚ್ಚು ಬೂದಿ ಬರಬೇಕಾದರೆ ಹೆಚ್ಚು ಸೌದೆ ಉರಿಯಬೇಕು. ಹೆಚ್ಚು ಸೌದೆ ಉರಿಯಬೇಕಾದರೆ ಒಲೆಯ ಮೇಲೆ ಏನಾದರೂ ಇರಬೇಕು. ಸೋಮವಾರ ವೆಂಕಟಮ್ಮ ಹಬ್ಬವಿಲ್ಲದೆ ಒಬ್ಬಟ್ಟು ಮಾಡಿದಳು. ಮಂಗಳವಾರ ಪಾಪಮ್ಮ ಹಿತಕಿದ ಬೇಳೆ ಸಾರು, ವಡೆ, ಜೊತೆಗೆ ಪಾಯಸ. ಬುಧವಾರ ಇದ್ದೊಂದು ಹುಂಜ, ಮಧ್ಯಾಹ್ನ ಕೂಗುತ್ತಿದ್ದ ಅದೇ ಹುಂಜ, ಸಾರಾಯಿತು. ಹಂಡೆಯಲ್ಲಿ ಇಡೀ ದಿನ ನೀರು ಕಾಯುತ್ತಿತ್ತು. ಬೀದಿಯಲ್ಲಿ ಹೋಗುವವರನ್ನು ಕರೆದು ಸ್ನಾನ ಮಾಡಿಸುತ್ತಿದ್ದರು. ಆ ಊರಿನ ಮಕ್ಕಳು ಅಷ್ಟು ಶುಭ್ರವಾಗಿ ಹಿಂದೆ ಇರಲಿಲ್ಲ, ಮುಂದೆಯೂ ಇರಲಿಲ್ಲ. ನೈರ್ಮಲ್ಯದ ಕಾರ್ಯಕ್ರಮದಡಿ ನಾನು ಅದನ್ನೂ ವರದಿಗೆ ಸೇರಿಸಿದೆ.

ಕೃಷ್ಣಪ್ಪ ಹೊಟ್ಟೆ ಸವರಿಕೊಳ್ಳುತ್ತ, "ಸ್ವಾಮಿ, ತಿಂಗಳಿಗೊಂದು ಭಾಷಣ ಸಾಲದು. ವಾರಕ್ಕೊಂದು ಮಾಡಿ" ಎಂದ.

ಆದರೆ ಒಲೆಯ ಹೊಟ್ಟೆಗೆ ಮಿತಿಯಿಲ್ಲ. ಸೌದೆಯ ರಾಶಿ ಕರಗಿತು. ಆಮೇಲೆ ಬೆರಣಿ ಹೋಯಿತು. ಬೆರಣಿ ಸಾಲದೆ ಗುಂಡಿಗೆ ಹೋಗಬೇಕಾದ ಸಗಣಿಯನ್ನೂ ತಟ್ಟಿ ಒಣಗಿಸಿ ಸುಡತೊಡಗಿದರು. ಸಗಣಿಯನ್ನು ಸುಡಬೇಡಿ, ಗುಂಡಿಗೆ ಹಾಕಿ ಎಂದು ಹೇಳುವುದೇ ಇಲಾಖೆಯ ಮೂಲೋದ್ದೇಶ. ಈಗ ಇಲಾಖೆಯ ಗುಂಡಿಗೆ ಬೂದಿ ಒದಗಿಸುವ ಸಲುವಾಗಿ ಸಗಣಿ ಉರಿಯುತ್ತಿತ್ತು. ಒಂದು ದಿನ ಮುನಿಶಾಮಪ್ಪ ಹೊಲಕ್ಕೆ ಹೊರಟು ಕುಂಟೆ ಹುಡುಕಿದರೆ ಕುಂಟೆಯಿಲ್ಲ. ಕಬ್ಬಿಣದ ಅಲಗು ಮಾತ್ರ ಒಲೆಯ ಪಕ್ಕದಲ್ಲಿ ಬಿದ್ದಿತ್ತು.

"ಯಾರೇ ಸುಟ್ಟಿದ್ದು ನನ್ನ ಕುಂಟೇನ?"

"ಹಳೇದಾಗಿತ್ತಲ್ಲ" ಎಂದಳು ವೆಂಕಟಮ್ಮ. "ಚೆನ್ನಾಗಿ ಉರೀತು."

ಗುಂಡಿಗಳ ಕಡೆ ಬರೋಣ. ಸೊಸೆಯರು ತಮ್ಮ ತಮ್ಮ ಪಾತಿಯ ಪಕ್ಕ ಒಂದೊಂದು ಗುಂಡಿ ತೋಡಿಸಿದ್ದರು. ಬೂದಿಯನ್ನು ಮಂಕರಿ ಮಂಕರಿಯಾಗಿ ಸುರಿದು, ಮಿಕ್ಕ ಹಸೀ ಸಗಣಿಯ ಜೊತೆ ಕಲಸಿದ್ದರು. ಹಸೀ ಸಗಣಿಗೆ ಬೂದಿ ಬೆರೆಸಿದರೆ ಅದರ ಸಾರ ಕಟುವಾದ ವಾಸನೆಯಾಗಿ ಗಾಳಿಗೆ ಹೋಗುತ್ತದೆ, ತರುಣರೇ, ಇದನ್ನು ಮರೆಯಬೇಡಿ. ಆ ಹಿತ್ತಿಲಿಗೆ ಕಾಲಿಟ್ಟವರ ಕಣ್ಣಲ್ಲಿ ತಾನಾಗಿ ನೀರು ಬರುತ್ತಿತ್ತು. ವಿಸ್ತರಣಾಧಿಕಾರಿಗಳು ತನಿಖೆಗೆ ಬಂದರು. ಗುಂಡಿಯ ಅಂಚಿನಲ್ಲಿ ನಿಂತು ಧಾರಾಕಾರವಾಗಿ ಅತ್ತರು.

"ನೋಡಿದ್ರೇನ್ರೀ" ಎಂದರು ಕರವಸ್ತ್ರದಲ್ಲಿ ಮೂಗು ಒರೆಸುತ್ತ, "ಗೊಬ್ಬರದ ಶಕ್ತಿ ಅಂದ್ರೆ ಇದು. ಎರಡೂ ಮಾದರಿ ಗುಂಡಿ. ಬರ್ಕೊಳ್ಳಿ."

"ಸರ್, ಇದು ಒಂದೇ ಮನೆ. ಒಲೆ ಒಂದೇ. ಒಂದೇ ಗುಂಡಿ ಲೆಕ್ಕಕ್ಕೆ ಬರೋದು."

ಸಾಹೇಬರ ಕಣ್ಣೀರು ಅಲ್ಲೇ ನಿಂತಿತು. "ಹಾಗಾದ್ರೆ ಇವರು ಒಲೆ ಬೇರೆ ಮಾಡ್ಕೊಂಡ್ರೆ ಎರಡಾಗುತ್ತಲ್ರೀ. ಇಷ್ಟು ಒಳ್ಳೇ ಗುಂಡಿ ವ್ಯರ್ಥ ಆಗಬಾರದು."

ಇದನ್ನು ಅವರು ನನಗೆ ಮೆಲ್ಲಗೆ ಹೇಳಿದರು. ಅವರ ಮೆಲ್ಲನೆಯ ದನಿ ಪಕ್ಕದ ಬೀದಿಗೆ ಕೇಳುತ್ತದೆ. ಮೆಣಸಿನಕಾಯಿ ಪಾತಿಯಲ್ಲಿ ಬಗ್ಗಿದ್ದ ಪಾಪಮ್ಮ ನೆಟ್ಟಗಾದಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು, ಒಲೆ ಬೇರೆ ಮಾಡಿಕೊಳ್ಳಬೇಕೆಂದು ಸರ್ಕಾರದ ಹುಕುಮು ಬಂದಿದೆ ಎಂದು. ವೆಂಕಟಮ್ಮ ಬೇಡವೆನ್ನಲಿಲ್ಲ. ಕೃಷ್ಣಪ್ಪ ಒಬ್ಬಟ್ಟಿನ ನೆನಪಿನಲ್ಲಿ ಸ್ವಲ್ಪ ತಡವರಿಸಿದ. ಕುಂಟೆ ಕಳೆದುಕೊಂಡ ಮುನಿಶಾಮಪ್ಪ ಮಾತ್ರ ಗಟ್ಟಿಯಾಗಿ, "ಆಗ್ಲಿ. ಅವರವರ ಸೌದೆ ಅವರವರು ಸುಟ್ಕಂತಾರೆ. ನೇಗಿಲಾದ್ರೂ ಉಳೀತದೆ" ಎಂದ.

ಮರುದಿನ ಅಕ್ಕಯ್ಯಮ್ಮ ನನ್ನ ಸೈಕಲ್ಲಿಗೆ ಅಡ್ಡ ನಿಂತರು.

"ಏನಪ್ಪ, ಸರ್ಕಾರದೋರು ನಿನ್ನ ಕಳ್ಸಿರೋದು ಗುಂಡಿ ತೋಡೋಕಾ, ಮನೆ ಒಡೆಯೋಕಾ?"

"ಗುಂಡಿಗೇ ಅಜ್ಜಿ."

"ಹಂಗಾದ್ರೆ ನನ್ನೂ ಆ ಗುಂಡಿಗೇ ಹಾಕ್ಬಿಡು. ಮಕ್ಳು ಎರಡು ಒಲೆ ಉರಿಸೋದು ನಾನು ನೋಡೋದಿಲ್ಲ. ಬೂದಿ ತಂದಿಟ್ಟೋನು ನೀನು, ನೀನೇ ಏನಾದ್ರೂ ಮಾಡು."

ಆ ಮುಖ ನೋಡಿ ನನಗೆ ನಗು ಬರಲಿಲ್ಲ. ಸೊಸೆಯರಿಗೆ ಬುದ್ಧಿ ಹೇಳಲು ಹೋದೆ. ವೆಂಕಟಮ್ಮನ ಬದನೆ ಎಲೆಗಳು ಬೂದಿ ಹೆಚ್ಚಾಗಿ ಹಳದಿಯಾಗಿದ್ದವು. ಅದನ್ನೇ ತೋರಿಸಿ, "ನೋಡಮ್ಮ, ಅತಿಯಾದ್ರೆ ಕೆಡುಕು. ಗಿಡಕ್ಕೆ ಒಂದು ಹಿಡಿ ಸಾಕು, ಅದೂ ಅಪರೂಪಕ್ಕೆ" ಎಂದೆ. ಅವಳು ಗಿಡ ನೋಡಿದಳು, ನನ್ನನ್ನು ನೋಡಿದಳು, "ಪಾಪಮ್ಮ ಹೇಳ್ಕೊಟ್ಟಳಾ?" ಎಂದಳು. ಪಾಪಮ್ಮನ ಹತ್ತಿರ ಹೋದರೆ ಅವಳು ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ. "ಅಕ್ಕ ಬದನೆಕಾಯಿ ಕೊಟ್ಟಿರ್ಬೇಕು ಸ್ವಾಮಿನೋರಿಗೆ. ಆವತ್ತು ಬಂಗಾರ ಅಂದ್ರಿ, ಇವತ್ತು ಕೆಡುಕು ಅಂತೀರಿ. ಬಂಗಾರ ಅತಿಯಾಯ್ತು ಅಂತ ಯಾರಾದ್ರೂ ಅಂದಿದ್ದು ಉಂಟಾ?" ನಾನು ಸೈಕಲ್ ಹತ್ತಿದೆ.

ಇಷ್ಟರಲ್ಲಿ ಇನ್ನೊಂದು ತಾಪತ್ರಯ ಆ ಮನೆಗೆ ಬಂದಿತ್ತು. ಅದನ್ನು ಯಾರೂ ದೊಡ್ಡದೆಂದು ಎಣಿಸಿರಲಿಲ್ಲ. ಆಗೆಲ್ಲ ಹಳ್ಳಿಯ ಮನೆಗಳಲ್ಲಿ ರಾತ್ರಿ ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಕೆದಕಿ ಊದಿದರೆ ಬೆಂಕಿ. ಒಲೆಯ ಬೆಂಕಿ ಆರಬಾರದೆಂಬುದು ಶಾಸ್ತ್ರ, ಬೆಂಕಿಪೊಟ್ಟಣ ಉಳಿಯುತ್ತದೆಂಬುದು ವ್ಯವಹಾರ. ಬೂದಿಯನ್ನು ಬುಡದ ತನಕ ಕೆರೆದು ಪಾತಿಗೆ ಹಾಕಿದ ಮೇಲೆ ಮುಚ್ಚಿಡಲು ಏನಿರುತ್ತದೆ? ಬೆಂಕಿ ದಿನಾ ಆರುತ್ತಿತ್ತು. ದಿನಾ ಬೆಳಿಗ್ಗೆ ಸರದಿಯ ಸೊಸೆ ಬೆರಣಿಯ ತುಂಡು ಹಿಡಿದುಕೊಂಡು ಬೈರಪ್ಪನವರ ಮನೆಗೆ ಕೆಂಡಕ್ಕೆ ಹೋಗುತ್ತಿದ್ದಳು. ಬೈರಪ್ಪನವರ ಹೆಂಡತಿ, "ನಮ್ಮ ಒಲೆ ಎರಡು ಮನೆ ಸಾಕ್ತಾ ಐತೆ" ಎಂದು ಗೊಣಗಿ ಕೊಡುತ್ತಿದ್ದರು.

ಒಲೆ ಒಡೆಯಲು ದಿನ ನಿಶ್ಚಯವಾಯಿತು. ಪಾಪಮ್ಮ ಪಡುವಲ ಅಂಕಣದಲ್ಲಿ ಕೆಮ್ಮಣ್ಣಿನ ಹೊಸ ಒಲೆ ಹಾಕಿ, ಅರಿಶಿನ ಕುಂಕುಮ ಇಟ್ಟು, ರಂಗೋಲಿ ಎಳೆದಳು. ಪಾಲಿನ ಕ್ರಮ ಹೀಗೆ. ಹಳೆಯ ಒಲೆಯಿಂದ ಮನೆಯ ಹಿರಿಯಳು ಬೂದಿ ಸಮೇತ ಕೆಂಡವನ್ನು ತೆಗೆದು ಹೊಸ ಒಲೆಗೆ ಹಾಕಬೇಕು. ಆ ಬೆಂಕಿಯಲ್ಲಿ ಹಾಲು ಉಕ್ಕಿದರೆ ಪಾಲು ಆದಂತೆ. ಹಿಂದಿನ ದಿನವೇ ಬೈರಪ್ಪನವರು ಸೊಸೆಯರಿಬ್ಬರನ್ನೂ ನಿಲ್ಲಿಸಿ, "ಇವತ್ತಿನ ಬೂದಿ ಅಕ್ಕನದೂ ಅಲ್ಲ ತಂಗೀದೂ ಅಲ್ಲ. ಕೆಂಡ ಮುಚ್ಚಿ ಹಂಗೇ ಬಿಡಿ. ಯಾರೂ ಕೈ ಹಾಕೂಡ್ದು" ಎಂದು ಕಟ್ಟುಮಾಡಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತ ಒಟ್ಟಿಗೆ ಕೂತು ಕೆಂಡ ಮುಚ್ಚಿದ್ದರು.

ಬೆಳಿಗ್ಗೆ ನಾಲ್ಕಾರು ಹಿರಿಯರು ಸೇರಿದರು. ಎರಡನೆಯ ಗುಂಡಿಗೆ ಅಧಿಕೃತ ಮಾನ್ಯತೆ ಸಿಗುವ ದಿನವಾದ್ದರಿಂದ ನಮ್ಮ ವಿಸ್ತರಣಾಧಿಕಾರಿಗಳೂ ಬ್ಲಾಕಿನ ಜೀಪಿನಲ್ಲಿ ಬಂದಿಳಿದರು, ಕೈಯಲ್ಲೊಂದು ಸೇವಂತಿಗೆ ಹಾರ, ಜೇಬಿನಲ್ಲೊಂದು ಭಾಷಣ. ಹಾರ ಯಾರಿಗೆ ಎಂದು ನಾನು ಕೇಳಿದೆ. "ಗುಂಡಿಗೇ ಕಣ್ರೀ" ಎಂದರು.

"ತಗಿ ಅಕ್ಕಯ್ಯಮ್ಮ, ಕೆಂಡ ತಗಿ" ಎಂದರು ಬೈರಪ್ಪನವರು.

ಅಕ್ಕಯ್ಯಮ್ಮ ಕಬ್ಬಿಣದ ಸೌಟು ಹಿಡಿದು ಒಲೆಯ ಮುಂದೆ ಕುಕ್ಕುರು ಕೂತರು. ಸೌಟು ಒಲೆಯೊಳಗೆ ಹೋಯಿತು. ಕರ್ರ್ ಎಂದು ನೆಲ ಕೆರೆದ ಸದ್ದು. ಸೌಟು ಈಚೆ ಬಂತು. ಅದರಲ್ಲಿ ಏನೂ ಇರಲಿಲ್ಲ. ನಾವೆಲ್ಲ ಬಗ್ಗಿ ನೋಡಿದೆವು. ಒಲೆ ಸಾರಿಸಿ ಗುಡಿಸಿದ ದೇವಸ್ಥಾನದ ಹಾಗೆ ಖಾಲಿಯಾಗಿ, ತಣ್ಣಗೆ, ನಿರ್ಮಲವಾಗಿತ್ತು. ಕೆಂಡವಿಲ್ಲ, ಒಂದು ಚಿಟಿಕೆ ಬೂದಿಯೂ ಇಲ್ಲ.

"ಪಾಪಮ್ಮ" ಎಂದಳು ವೆಂಕಟಮ್ಮ, ತಣ್ಣಗೆ.

"ನನ್ನ ಮೇಲೆ ಯಾಕಕ್ಕ? ಪಾಲಿನ ದಿನಾನೂ ಬಿಡ್ಲಿಲ್ವಲ್ಲ ನೀನು."

"ಈ ಒಲೆ ಆಣೆಗೂ ನಾನು ಮುಟ್ಟಿಲ್ಲ."

"ಇದೇ ಒಲೆ ಆಣೆಗೂ ನಾನೂ ಮುಟ್ಟಿಲ್ಲ."

"ಹಂಗಾದ್ರೆ ಬೂದಿಗೆ ಕಾಲು ಬಂದ್ವಾ?" ಎಂದ ಮುನಿಶಾಮಪ್ಪ.

ವಿಸ್ತರಣಾಧಿಕಾರಿಗಳು ಗಡಿಯಾರ ನೋಡಿಕೊಂಡರು. ಮುಂದೆ ಬಂದು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಚಾಚಿದರು. "ಇಷ್ಟಕ್ಕೆ ಯಾಕ್ರಯ್ಯ ಗಲಾಟೆ? ಹಚ್ಚಿ."

ಹಿರಿಯರೆಲ್ಲ ಆ ಪೊಟ್ಟಣವನ್ನು ನೋಡಿದರು. ಬೈರಪ್ಪನವರು ಮರ್ಯಾದೆಯಿಂದಲೇ ಹೇಳಿದರು. "ಸ್ವಾಮಿ, ಅದ್ರಲ್ಲಿ ಬೀಡಿ ಹಚ್ಬೌದು. ಪಾಲಿಗೆ ಮನೇ ಬೆಂಕಿ ಬೇಕು."

"ದಿನಾ ನಿಮ್ಮನೆಯಿಂದ ತಾನೆ ಬೆಂಕಿ ತರೋದು ಬೈರಪ್ಪಣ್ಣ" ಎಂದಳು ಪಾಪಮ್ಮ. ಹಾಲಿನ ಪಾತ್ರೆ ಅವಳ ಕೈಯಲ್ಲೇ ಇತ್ತು. "ಇವತ್ತೂ ಅಲ್ಲಿಂದ್ಲೇ ತರ್ತೀನಿ."

ಬೈರಪ್ಪನವರು ಬೀಡಿಯನ್ನು ಬಾಯಿಂದ ತೆಗೆದರು. ಯೋಚಿಸಿದರು. ಅವರ ಮುಖದಲ್ಲಿ ನಿಧಾನವಾಗಿ ಒಂದು ಭಯ ಮೂಡಿದ್ದನ್ನು ನಾನು ಕಂಡೆ.

"ಆಗಲ್ಲಮ್ಮ" ಎಂದರು. "ನಮ್ಮನೆ ಕೆಂಡ ತಂದು ನೀನು ಪಾಲಿನ ಒಲೆ ಹಚ್ಚಿದ್ರೆ, ನೀನು ನಮ್ಮನೆಯಿಂದ ಪಾಲಾದಂಗಾಯ್ತದೆ. ನಾಳೆ ನನ್ನ ಕೆರೆ ಕೆಳಗಿನ ಗದ್ದೇಲಿ ಭಾಗ ಕೊಡು ಅಂತೀಯ. ನಾನು ಕೊಡಾಕಾಗಲ್ಲ."

ಹಿರಿಯರು ತಲೆದೂಗಿದರು. ಕಾನೂನಿನ ಈ ಸೂಕ್ಷ್ಮ ಯಾರಿಗೂ ಹೊಳೆದಿರಲಿಲ್ಲ. ಇದನ್ನು ಕೇಳಿ ಕೃಷ್ಣಪ್ಪನಿಗೆ ಒಂದು ಕ್ಷಣ ಆಸೆಯಾಯಿತೆಂದು ಕಾಣುತ್ತದೆ, ಬೈರಪ್ಪನವರ ಗದ್ದೆ ನೀರಾವರಿಯದು, ಆದರೆ ಅಣ್ಣನ ಮುಖ ನೋಡಿ ಸುಮ್ಮನಾದ. ಬೈರಪ್ಪನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವಾರಗಟ್ಟಲೆ ತಮ್ಮ ಮನೆಯ ಕೆಂಡದಲ್ಲೇ ಈ ಒಲೆ ಉರಿದಿರುವುದರಿಂದ ಈಗ ಇದರಲ್ಲಿ ಇವರ ಬೆಂಕಿ ಎಂಬುದೇ ಇಲ್ಲ. ಇಲ್ಲದ್ದನ್ನು ಪಾಲು ಮಾಡುವುದು ಹೇಗೆ? ಹೊಸದಾಗಿ ಬೆಂಕಿ ಕಡೆದು ಈ ಹಳೆಯ ಒಲೆಯಲ್ಲೇ ಹಚ್ಚಬೇಕು. ಅದು ಯುಗಾದಿಯಿಂದ ಯುಗಾದಿಗೆ ಒಂದು ವರ್ಷ ಆರದೆ ಉರಿದರೆ ಆಗ ಅದು ಈ ಮನೆಯ ಬೆಂಕಿ. ಪಾಲಿನ ಮಾತು ಆಮೇಲೆ. ನಡುವೆ ಯಾರ ಸರದಿಯಲ್ಲಿ ಆರಿದರೂ ವರ್ಷದ ಎಣಿಕೆ ಅಲ್ಲಿಂದ ಮತ್ತೆ ಮೊದಲಾಗತಕ್ಕದ್ದು.

ಹೀಗೆ ತೀರ್ಪು ಕೊಟ್ಟು ಬೈರಪ್ಪನವರು ಯಾರೂ ಕೆಂಡ ಕೇಳದಂತೆ ಬೇಗ ಮನೆಗೆ ಹೋದರು.

ಆರದೆ ಉರಿಯಬೇಕಾದರೆ ಕೆಂಡ ಮುಚ್ಚಬೇಕು, ಮುಚ್ಚಲು ಒಲೆಯ ತುಂಬ ಬೂದಿ ಬಿಡಬೇಕು. ಪಾತಿಗೆ ಸಿಗುವುದು ಮೇಲುಮೇಲಿನ ಒಂದೆರಡು ಹಿಡಿ ಮಾತ್ರ. ಇಲಾಖೆ "ತೆಳ್ಳಗೆ" ಎಂದು ಬರೆದ ಅಳತೆ ಸರಿಯಾಗಿ ಅಷ್ಟೇ. ಎರಡು ಗುಂಡಿಗೆ ಸಾಲದೆ ಸೊಸೆಯರು ಒಂದನ್ನು ಮುಚ್ಚಿಸಿದರು. ಯುಗಾದಿಗಳು ಬಂದವು, ಹೋದವು. ಆ ಬೆಂಕಿ ಹನ್ನೊಂದು ತಿಂಗಳು ಚೆನ್ನಾಗಿ ಉರಿಯುತ್ತಿತ್ತಂತೆ, ಆಮೇಲೆ ಹೇಗೋ ಆರಿಹೋಗುತ್ತಿತ್ತಂತೆ. ಅಕ್ಕಯ್ಯಮ್ಮ ಬದುಕಿದ್ದಷ್ಟು ಕಾಲ ಆ ಸೂರಿನಿಂದ ಎರಡು ಹೊಗೆ ಏಳಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಅದೇ ದಿನದ ಮಾತು. ಸಾಹೇಬರು ತಂದ ಭಾಷಣ ವ್ಯರ್ಥವಾಗಬಾರದೆಂದು ಜಗುಲಿಯ ಮೇಲೆ ನಿಂತು ಅವಿಭಕ್ತ ಕುಟುಂಬಕ್ಕೇ ವಿಭಕ್ತ ಕುಟುಂಬದ ಗುಂಡಿಯ ಮೇಲ್ಮೆಯನ್ನು ವಿವರಿಸತೊಡಗಿದ್ದರು. ಹಾರವನ್ನು ಎತ್ತು ತಿನ್ನುತ್ತಿತ್ತು. ನನಗೆ ಆ ಗುಂಡಿಯ ವಾಸನೆಯಿಂದ ಕಣ್ಣು ಉರಿಯುತ್ತಿತ್ತು, ಮುಖ ತೊಳೆಯೋಣವೆಂದು ಹಿತ್ತಿಲಿನ ಬಚ್ಚಲ ಕಲ್ಲಿನ ಹತ್ತಿರ ಹೋದೆ. ಅಲ್ಲಿ ಅಕ್ಕಯ್ಯಮ್ಮನವರ ಹೀರೆ ಬಳ್ಳಿ. ಹಸಿರು ಬಳ್ಳಿಯಲ್ಲ ಅದು, ಬುಡದಿಂದ ಚಪ್ಪರದವರೆಗೆ ಬೆಳ್ಳಗೆ. ಬುಡದಲ್ಲಿ ಗಿಡಕ್ಕೆ ಆಗದಷ್ಟು ಬೂದಿಯ ಗುಡ್ಡೆ. ನಾನು ಹತ್ತಿರ ಕೈ ಹಿಡಿದು ನೋಡಿದೆ. ಇನ್ನೂ ಬೆಚ್ಚಗಿತ್ತು.

ಹಿಂದೆ ಅಕ್ಕಯ್ಯಮ್ಮ ನಿಂತಿದ್ದರು. ಗುಡ್ಡೆಯನ್ನು ಆಗತಾನೆ ಕೆದರಿ ಹರಡುತ್ತಿದ್ದರೆಂದು ಕಾಣುತ್ತದೆ, ಮುಂಗೈವರೆಗೆ ಬೂದಿ ಹತ್ತಿದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

"ಅಜ್ಜಿ" ಎಂದೆ, "ಇಷ್ಟು ಹಾಕಿದ್ರೆ ಬಳ್ಳಿ ಉಳಿಯಲ್ಲ."

"ಬಳ್ಳಿ ಹೋಗ್ಲಿ ಬಿಡಪ್ಪ" ಎಂದರು. ಜಗುಲಿಯ ಕಡೆ ಕಿವಿಗೊಟ್ಟರು. ಸೊಸೆಯರ ಬಳೆಯ ಸದ್ದು ಹಿತ್ತಿಲ ಬಾಗಿಲಿಗೆ ಹತ್ತಿರವಾಗುತ್ತಿತ್ತು. "ನಿಂತ್ಕೊಂಡು ನೋಡ್ತೀಯಲ್ಲ, ಆ ಕೊಡ ತಗಂಡು ಬೇಗ ನೀರು ಹೊಯ್ಯಿ. ಅವರಿಬ್ರೂ ಬರ್ತಾವ್ರೆ."

ಬೂದಿ ಹಾಕಿದ ಮೇಲೆ ತಡಮಾಡದೆ ನೀರುಣಿಸತಕ್ಕದ್ದು ಎಂದು ಇಲಾಖೆಯ ಸೂಚನೆಯೇ ಇದೆ. ನನ್ನ ಇಡೀ ಸೇವಾವಧಿಯಲ್ಲಿ ಇಲಾಖೆಯ ಯಾವ ಸೂಚನೆಯನ್ನೂ ನಾನು ಅಷ್ಟು ಆತುರದಿಂದ ಜಾರಿಗೆ ತಂದದ್ದಿಲ್ಲ.